ಹೆಚ್ಚು ಹೊತ್ತಿನ ದುಡಿಮೆಗೆ ಇಮ್ಮಡಿ ಕೂಲಿ



ಹೊಲದ ಕೆಲಸ ಕಡಿಮೆಯಾದ ದಿನಗಳಲ್ಲಿ ನಮ್ಮ ತುರುವನೂರು ಸೀಮೆಯ ಮಕ್ಕಳು ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೋ ಬೆಂಗಳೂರಿನ ಬಟ್ಟೆ ಕಾರ್ಖಾನೆಗಳಿಗೋ ದುಡಿಯಲು ಹೋಗುವುದುಂಟು. ಅಲ್ಲಿ ಹೆಚ್ಚು ಹೊತ್ತು ದುಡಿಸಿಕೊಂಡು ಕೂಲಿ ಕೊಡದಿದ್ದರೆ ಏನು ಮಾಡಬೇಕೆಂಬುದನ್ನು ಪ್ರತಿ ಮನೆಯವರೂ ತಿಳಿದಿರುವುದು ಒಳ್ಳೆಯದು.

ಕಾರ್ಖಾನೆಯ ಕೆಲಸ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ಗೊತ್ತುಪಡಿಸಿದ ವೇಳೆಯನ್ನು ಮೀರಿದ ದುಡಿಮೆಗೆ ಇಮ್ಮಡಿ ದರ ಕೊಡತಕ್ಕದ್ದು. ದಿನಗೂಲಿ 480 ರೂಪಾಯಿ ಎನ್ನಿ. ಗಂಟೆಗೆ 60 ರೂಪಾಯಿ ಆಯಿತು. ಹೆಚ್ಚಿನ ಗಂಟೆಗೆ 120. ದಿನಕ್ಕೆ 2 ಗಂಟೆಯಂತೆ 20 ದಿನ ದುಡಿದರೆ 4,800 ರೂಪಾಯಿ ಬರಬೇಕು.

ಈ ಹಕ್ಕನ್ನು ಸರ್ಕಾರವೂ ಸುಲಭವಾಗಿ ತೆಗೆದುಹಾಕಲಾರದು. ಗುಜರಾತ್ ಸರ್ಕಾರ ಕಾರ್ಖಾನೆಗಳಿಗೆ ಇಮ್ಮಡಿ ದರದಿಂದ ವಿನಾಯಿತಿ ಕೊಟ್ಟಿದ್ದನ್ನು ಸುಪ್ರೀಂ ಕೋರ್ಟು 2020ರ ಅಕ್ಟೋಬರ್ 1ರಂದು ರದ್ದುಮಾಡಿ, ಬಾಕಿ ಕೂಲಿ ಕೊಡಿಸಿತು.

ಕೂಲಿ ಬಾರದಿದ್ದರೆ ಹೀಗೆ ಮಾಡಿರಿ:

1. ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು, ಕೈಗೆ ಬಂದ ಹಣ ಇವನ್ನು ದಿನವೂ ಪುಸ್ತಕದಲ್ಲಿ ಬರೆಯಿರಿ. ಹಾಜರಿ ಚೀಟಿ, ಸಂಬಳ ಚೀಟಿ, ಬ್ಯಾಂಕ್ ಪಾಸ್‌ಬುಕ್ ಜೋಪಾನವಾಗಿಡಿ.

2. ಮಾಲೀಕರಿಗೆ ಬರೆದು ಕೇಳಿರಿ. ಒಂದು ಪ್ರತಿ ನಿಮ್ಮಲ್ಲಿರಲಿ.

3. ಕೊಡದಿದ್ದರೆ, ಕೆಲಸ ಮಾಡಿದ ಊರಿನ ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿರಿ. ನಿಮ್ಮ ಪರವಾಗಿ ನೀವು ಸೇರಿರುವ ಕಾರ್ಮಿಕ ಸಂಘವೂ ಹಾಕಬಹುದು. ಅವಧಿ 3 ವರ್ಷ. ಆದರೂ ತಡಮಾಡಬೇಡಿ, ಸಾಕ್ಷಿಗಳು ಚದುರಿಹೋಗುತ್ತಾರೆ.

ಅರ್ಜಿ ಬಂದ ಮೇಲೆ, ಕೂಲಿ ಕೊಟ್ಟಿದ್ದೇನೆಂದು ರುಜುವಾತು ಮಾಡುವ ಹೊಣೆ ಮಾಲೀಕರದು. ನ್ಯಾಯ ನಿರ್ಣಯಿಸುವ ಅಧಿಕಾರಿ ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸಬಹುದು. 3 ತಿಂಗಳೊಳಗೆ ತೀರ್ಮಾನಿಸಲು ಪ್ರಯತ್ನಿಸಬೇಕೆಂದೂ ಸಂಹಿತೆ ಹೇಳುತ್ತದೆ.

ವಕೀಲರ ಖರ್ಚಿಗೆ ಅಂಜಬೇಕಾಗಿಲ್ಲ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಾರ್ಖಾನೆ ಕೆಲಸಗಾರರಿಗೆ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ. ಚಿತ್ರದುರ್ಗದ ನ್ಯಾಯಾಲಯದ ಆವರಣದಲ್ಲಿ ವಿಚಾರಿಸಿರಿ, ಇಲ್ಲವೆ 15100ಕ್ಕೆ ಫೋನು ಮಾಡಿರಿ.

ಇನ್ನೊಂದು ಮಾತು. ವೇತನ ಸಂಹಿತೆ ನಮ್ಮ ಹೊಲಕ್ಕೆ ಬರುವ ಆಳುಗಳಿಗೂ ಅನ್ವಯಿಸುತ್ತದೆ. ದಿನಗೂಲಿಯನ್ನು ಅಂದಿನ ಕೆಲಸ ಮುಗಿಯುತ್ತಲೇ ಕೊಡಬೇಕು. ಮಗನ ಕೂಲಿಗಾಗಿ ಪಟ್ಟಣದಲ್ಲಿ ನ್ಯಾಯ ಕೇಳುವವರು, ತಮ್ಮ ಕಣದಲ್ಲಿ ದುಡಿದವರ ಲೆಕ್ಕವನ್ನೂ ಸಂಜೆಗೇ ತೀರಿಸುವುದು ಲೇಸು.