ನಡುಗಡ್ಡೆಯ ಕೆಳಗೆ ಏನಿದೆ?

ತೆಲಿಗಿಯಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ ಏಳನೇ ತರಗತಿಗೆ ದ್ವೀಪಗಳ ಪಾಠ ಮಾಡಿದೆ. ‘ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗ’ ಎಂದು ಹಲಗೆಯ ಮೇಲೆ ಬರೆದು, ಪೆಸಿಫಿಕ್ ಸಾಗರದ ಬೋರಾಬೋರಾ ಲಗೂನಿನ ಅಂಚಿನಲ್ಲಿರುವ ಪುಟ್ಟ ಹವಳ ನಡುಗಡ್ಡೆಯ ಚಿತ್ರ ತೋರಿಸಿದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಸರ್, ಅದರ ಕೆಳಗೂ ನೀರ ಐತೇನ್ರಿ?” ಎಂದಳು. “ಇಲ್ಲ, ಕಲ್ಲಿದೆ” ಎಂದು ಮುಂದಕ್ಕೆ ಹೋದೆ. ಕೊನೆಗೆ ದ್ವೀಪವನ್ನು ಪಕ್ಕದಿಂದ ನೋಡಿದಂತೆ ಬರೆಯಲು ಹೇಳಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳು ಅದನ್ನು ತಾವರೆ ಎಲೆಯಂತೆ ತೇಲಿಸಿದ್ದರು. ತಪ್ಪು ಅವರದಲ್ಲ. ನಾನು ಕೊಟ್ಟ ವ್ಯಾಖ್ಯೆಯಲ್ಲಿ ತಳದ ಮಾತೇ ಇರಲಿಲ್ಲ. ನಕಾಶೆಯಂತೂ ಮೇಲಿನಿಂದ ನೋಡಿದ್ದು.

ಮರುದಿನ ನಮ್ಮ ರಾಜ್ಯದ್ದೇ ಆದ, ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪಗಳಿಂದ ಆರಂಭಿಸಿದೆ. ಒಣಗಿದ ಕೆರೆಯಂಗಳದಿಂದ ಬಿರುಕುಬಿಟ್ಟ ಮಣ್ಣಿನ ಹೆಂಟೆಗಳನ್ನು ಮಕ್ಕಳೇ ತಂದರು. ಹೆಚ್ಚಿನವಕ್ಕೆ ಐದಾರು ಮೂಲೆ. ಮಣ್ಣು ಒಣಗಿ ಕುಗ್ಗಿದಾಗ ಬಿರಿಯುತ್ತದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಆರುವಾಗಲೂ ಹೀಗೆಯೇ ಕುಗ್ಗಿ ಬಿರಿಯಿತು. ತಂಪು ಒಳಗಿಳಿದಂತೆ ಬಿರುಕೂ ಇಳಿದು ಕಲ್ಲು ಕಂಬಗಳಾಯಿತು. “ಹಂಗಾರೆ ಕಲ್ಲೂ ಹಸಿ ಇತ್ತಾ ಸರ್?” ಎಂಬ ಪ್ರಶ್ನೆ ಬಂದಾಗಲೇ ನನ್ನ ಲೋಪ ತಿಳಿದದ್ದು: ಮಣ್ಣು ಕಳೆದುಕೊಳ್ಳುವುದು ನೀರನ್ನು, ಲಾವಾ ಕಳೆದುಕೊಳ್ಳುವುದು ಶಾಖವನ್ನು. ಹೋಲಿಕೆ ಕೊಡುವವರು ಈ ವ್ಯತ್ಯಾಸವನ್ನು ಮೊದಲೇ ಹೇಳಬೇಕು.

ಆಮೇಲೆ ಬೋರಾಬೋರಾ. ಬೋಗುಣಿಯಲ್ಲಿ ಒಂದು ಕಲ್ಲಿಟ್ಟು, ಅದರ ಬುಡದ ಸುತ್ತ ಜೇಡಿಮಣ್ಣಿನ ಬಳೆ ಕಟ್ಟಿ, ನೀರು ಸುರಿಯುತ್ತಾ ಹೋದೆ. ನೀರೇರಿದಂತೆ ಮಕ್ಕಳು ಬಳೆಯನ್ನು ಎತ್ತರಿಸಿದರು. ಅಲ್ಲಿ ನಿಜವಾಗಿ ನಡೆಯುವುದು ನೀರು ಏರುವುದಕ್ಕಿಂತ ಹೆಚ್ಚಾಗಿ ಹಳೆಯ ಜ್ವಾಲಾಮುಖಿ ನಿಧಾನವಾಗಿ ಕುಸಿಯುವುದು. ಬೆಳಕಿಗಾಗಿ ಹವಳ ಮೇಲಕ್ಕೆ ಬೆಳೆಯುತ್ತದೆ. ಬೆಟ್ಟಕ್ಕೂ ಬಳೆಗೂ ನಡುವಿನ ನೀರೇ ಲಗೂನು. ಅಲೆಗಳು ಮುರಿದ ಹವಳದ ಚೂರು, ಮರಳು ಬಳೆಯ ಮೇಲೆ ರಾಶಿಯಾಗಿ ಪುಟ್ಟ ನಡುಗಡ್ಡೆಯಾಗುತ್ತದೆ. ಅದನ್ನು ಅಲ್ಲಿನವರು ‘ಮೋಟು’ ಎನ್ನುತ್ತಾರೆ. ಸಮುದ್ರಕ್ಕಿಂತ ಕೆಲವೇ ಮೀಟರ್ ಎತ್ತರ. ಡಾರ್ವಿನ್ 1842ರಲ್ಲಿ ಈ ವಿವರಣೆ ಕೊಟ್ಟನು. 1952ರಲ್ಲಿ ಮಾರ್ಷಲ್ ದ್ವೀಪಗಳ ಎನಿವೆಟಾಕ್‌ನಲ್ಲಿ ಕೊರೆದಾಗ ಸುಮಾರು 1,400 ಮೀಟರ್ ಆಳದಲ್ಲಿ, ಹವಳದ ಸುಣ್ಣಕಲ್ಲಿನಡಿ, ಜ್ವಾಲಾಮುಖಿಯ ಶಿಲೆ ಸಿಕ್ಕಿತು.

ಮತ್ತೆ ಚಿತ್ರ ಬರೆಸಿದೆ. ಮೂವರು ಇನ್ನೂ ತೇಲಿಸಿದ್ದರು. ಆ ಹುಡುಗಿ ಮಾತ್ರ ಗೆರೆಯನ್ನು ಹಾಳೆಯ ತುದಿಯವರೆಗೂ ಇಳಿಸಿ, ಕೇಳಿದಳು: “ನಮ್ಮ ತುಂಗಭದ್ರಿ ನಡುವಿನ ಗಡ್ಡಿ ಕಲ್ಲಿಂದೇನ್ರಿ, ಉಸುಕಿಂದ?” ಮುಂದಿನ ಪಾಠಯೋಜನೆಯನ್ನು ಈ ಪ್ರಶ್ನೆಯಿಂದಲೇ ಆರಂಭಿಸಿದ್ದೇನೆ.