ಅಂಜುವ ಮನಸ್ಸಿನ ತರ್ಕ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬಿದ್ದು, ಅದರ ಬೆನ್ನಿಗೇ ಸೌದೆಗೆಂದೋ ಸೊಪ್ಪಿಗೆಂದೋ ಕಾಡು ಹೊಕ್ಕ ಜನರು ಉಗ್ರವಾದ ಜ್ವರದಿಂದ ಹಾಸಿಗೆ ಹಿಡಿದು, ಕೆಲವರು ಪ್ರಾಣವನ್ನೇ ನೀಗಿದಾಗ ಆ ಸೀಮೆಯ ಹಳ್ಳಿಗರನ್ನು ಆವರಿಸಿದ ಭೀತಿಯನ್ನು ಯಾರೂ ಮನೋರೋಗವೆಂದು ಕರೆಯಲಾರರು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು, ಇದು ಉಣುಗುಗಳ ಕಡಿತದಿಂದ ಹರಡುವ, ಅದುವರೆಗೆ ಲೋಕಕ್ಕೆ ಅಜ್ಞಾತವಾಗಿದ್ದ ವೈರಸ್ಸೊಂದರ ಕೃತ್ಯವೆಂದು ಕಂಡುಹಿಡಿದ ಮೇಲೆ ಆ ಭೀತಿಗೊಂದು ಎಲ್ಲೆಯೂ ದೊರೆಯಿತು. ಮಂಗನ ಕಾಯಿಲೆಯೆಂದು ಜನಜನಿತವಾದ ಈ ಜ್ವರವು ಮನುಷ್ಯನಿಂದ ಮನುಷ್ಯನಿಗೆ ಅಂಟದು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಉಪಟಳ ಹೆಚ್ಚು. ರೋಗ ತಗುಲಿದ 100 ಮಂದಿಯಲ್ಲಿ 3ರಿಂದ 5 ಮಂದಿ ಸಾಯುವರು, ಉಳಿದವರು ಬದುಕುವರು.

ಎಲ್ಲೆಯುಳ್ಳ ಭಯದೊಡನೆ ಮನುಷ್ಯನು ಬಾಳಬಲ್ಲನು. ಕಾಡಂಚಿನ ಕೃಷಿಕನೊಬ್ಬನು ಉಣುಗು ಹತ್ತದಂತೆ ಕೈಕಾಲಿಗೆ ತೈಲ ಸವರಿಕೊಂಡು ಹೋಗಿ, ಸೊಪ್ಪು ತಂದು, ಬಿಸಿನೀರು ಹೊಯ್ದುಕೊಂಡು, ಉಂಡು ನಿದ್ರಿಸುತ್ತಾನೆ. ಅವನ ನೆರೆಮನೆಯಲ್ಲಿ ಇನ್ನೊಬ್ಬನಿರುವನೆಂದು ಭಾವಿಸೋಣ: ಕಾಡಿನತ್ತ ಸುಳಿಯದೆ ವರ್ಷಗಳೇ ಕಳೆದಿದ್ದರೂ, ಆಷಾಢದ ಜಡಿಮಳೆಯಲ್ಲಿ ಮೈ ಒಂದಿಷ್ಟು ಬೆಚ್ಚಗಾಯಿತೆಂದರೆ ಹತ್ತು ಸಲ ಹಣೆ ಮುಟ್ಟಿಕೊಂಡು, ತಾನು ಸತ್ತರೆ ಮಕ್ಕಳ ಗತಿಯೇನೆಂಬಲ್ಲಿಗೆ ಒಂದೇ ನೆಗೆತಕ್ಕೆ ತಲುಪಿ, ಬೆಳಗಿನವರೆಗೆ ಕಣ್ಣು ಮುಚ್ಚದವನು. ಇವನು ಹೇಡಿಯೂ ಅಲ್ಲ, ಮಂದಮತಿಯೂ ಅಲ್ಲ. ಅವನ ತರ್ಕದಲ್ಲಿ ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಕ್ರಮವಾದ ಸಂಬಂಧವಿದೆ; ಇಲ್ಲದಿರುವುದು ಪರೀಕ್ಷೆ. ಅದು ವಾದಿಯ ವಕೀಲನೊಬ್ಬನೇ ನಿಂತು ಮಾತನಾಡುವ, ಪ್ರತಿವಾದಿಗೆ ಕರೆಯೇ ಹೋಗದ ನ್ಯಾಯಾಲಯ.

1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಎಂಬ ಮನೋವೈದ್ಯನು, ಖಿನ್ನರಾದ ರೋಗಿಗಳ ಮನಸ್ಸಿನಲ್ಲಿ ಕರೆಯದೆಯೇ ಬಂದು ಕ್ಷಣಮಾತ್ರದಲ್ಲಿ ಸುಳಿದುಹೋಗುವ ಆಲೋಚನೆಗಳನ್ನು ಗಮನಿಸಿ, ಬಳಿಕ ಅದೇ ದೃಷ್ಟಿಯನ್ನು ಆತಂಕದ ವ್ಯಾಧಿಗಳಿಗೂ ವಿಸ್ತರಿಸಿದನು. ಆತಂಕಗೊಂಡವನು ಅಪಾಯವನ್ನು ಅದರ ಪ್ರಮಾಣಕ್ಕಿಂತ ಹಿರಿದಾಗಿಯೂ, ಅದನ್ನು ಎದುರಿಸುವ ತನ್ನ ಶಕ್ತಿಯನ್ನು ಇರುವುದಕ್ಕಿಂತ ಕಿರಿದಾಗಿಯೂ ಎಣಿಸುತ್ತಾನೆ ಎಂಬುದು ಅವನ ನಿರೂಪಣೆಯ ಸಾರ. ಆಗಬಹುದಾದದ್ದು ಆಗಿಯೇ ತೀರುವುದೆಂಬ ನಿಶ್ಚಯ. ಮದುವೆಮನೆಯಲ್ಲಿ ಇಬ್ಬರು ನಕ್ಕರೆ ತನ್ನನ್ನು ನೋಡಿಯೇ ನಕ್ಕರೆಂದು ಪರರ ಮನಸ್ಸನ್ನು ಓದಿಬಿಟ್ಟ ಭಾವ. ಚಿಂತಿಸುತ್ತಿದ್ದರೆ ಕೇಡು ತಪ್ಪೀತೆಂಬ ಗುಪ್ತವಾದ ನಂಬಿಕೆ: ಇವೆಲ್ಲ ಆ ಎಣಿಕೆಯ ಕವಲುಗಳು. ಇವುಗಳಲ್ಲಿ ಅತ್ಯಂತ ಮೋಸಕರವಾದುದು, ನನ್ನ ಎಣಿಕೆಯಲ್ಲಿ, ಭಾವನೆಯನ್ನೇ ಸಾಕ್ಷ್ಯವಾಗಿ ಹಿಡಿಯುವುದು: ಎದೆ ನಡುಗುತ್ತಿದೆ, ಆದಕಾರಣ ಅಪಾಯವು ಇದ್ದೇ ಇರಬೇಕು.

ಮನಸ್ಸಿನ ಮಾಯಾವಿತ್ವದ ಮಾತು ಬಂದಾಗ, ಅಲ್ಲಮಪ್ರಭುವಿನ ಹೆಸರಿನೊಡನೆ ಬೆಸೆದ ಬಳ್ಳಿಗಾವೆಯೂ ಅಕ್ಕಮಹಾದೇವಿಯ ಉಡುತಡಿಯೂ ಸೊರಬದ ನೆರೆಯ ಶಿಕಾರಿಪುರ ತಾಲ್ಲೂಕಿನಲ್ಲಿವೆಯೆಂಬುದು ನೆನಪಾಗದಿರದು. ಆದರೆ ಅಲ್ಲಮನನ್ನು ಮನೋವೈದ್ಯನನ್ನಾಗಿ ಮಾಡುವ ಚಪಲ ನನಗಿಲ್ಲ. ಅವನು ಬಿಡಿಸಹೊರಟ ಗಂಟು ಬೇರೆ, ನಮ್ಮ ಎದೆಬಡಿತದ ಗಂಟು ಬೇರೆ.

ಆ ಎದೆಬಡಿತವನ್ನೇ ನೋಡೋಣ. ಸೊರಬದಿಂದ ಶಿರಾಳಕೊಪ್ಪ, ಶಿಕಾರಿಪುರಗಳ ಮೇಲೆ ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ, ಸೆಕೆಗೋ ಹಸಿವಿಗೋ ನಿದ್ದೆಗೇಡಿಗೋ ಒಬ್ಬಳ ಹೃದಯ ತುಸು ಜೋರಾಗಿ ಬಡಿಯಿತೆನ್ನಿ. ಇದು ಹೃದಯಾಘಾತದ ಮೊದಲ ಸೂಚನೆಯೆಂದು ಮನಸ್ಸು ಅರ್ಥ ಹಚ್ಚಿದೊಡನೆ ಭಯವು ಹುಟ್ಟಿ, ಭಯದಿಂದ ಬಡಿತವು ಇಮ್ಮಡಿಸಿ, ಆ ಇಮ್ಮಡಿಸಿದ ಬಡಿತವೇ ಮೊದಲಿನ ಅರ್ಥಕ್ಕೆ ಪ್ರಮಾಣವಾಗಿ, ಉಸಿರು ಕಟ್ಟಿ, ಕೈ ಜುಮುಗುಟ್ಟಿ, ಕೆಲವೇ ನಿಮಿಷಗಳಲ್ಲಿ ಮರಣವೇ ಎದುರು ನಿಂತಂತಾಗುವುದು. ಈ ಸುಳಿಯನ್ನು 1986ರಲ್ಲಿ ಡೇವಿಡ್ ಕ್ಲಾರ್ಕ್ ಎಂಬ ಇಂಗ್ಲೆಂಡಿನ ಮನೋವಿಜ್ಞಾನಿಯು ಸ್ಪಷ್ಟವಾಗಿ ವಿವರಿಸಿದನು. ಅವಳು ಶಿಕಾರಿಪುರದಲ್ಲಿ ಇಳಿದುಬಿಡುತ್ತಾಳೆ; ಇಳಿದೊಡನೆ ಹಾಯೆನಿಸುತ್ತದೆ. ಇಳಿಯದಿದ್ದರೂ ಆ ಬಡಿತವು ತಾನಾಗಿಯೇ ತಗ್ಗುತ್ತಿತ್ತು. ಆದರೆ ಇಳಿದದ್ದರಿಂದಲೇ ಬದುಕಿದೆನೆಂದು ಮನಸ್ಸು ಲೆಕ್ಕ ಬರೆದುಕೊಳ್ಳುತ್ತದೆ. ಮುಂದಿನ ಸಲ ಬಾಗಿಲ ಪಕ್ಕದ ಸೀಟು, ಕೈಯಲ್ಲಿ ನೀರಿನ ಬಾಟಲಿ, ಜೊತೆಗೆ ಗಂಡ. ಅದರ ಮುಂದಿನ ಸಲ ಪ್ರಯಾಣವೇ ಇಲ್ಲ.

ಕಾಡಿಗೆ ಹೋಗುವವನ ತೈಲವೂ ಇವಳ ಬಾಟಲಿಯೂ ಮೇಲುನೋಟಕ್ಕೆ ಒಂದೇ ಜಾತಿಯ ಮುನ್ನೆಚ್ಚರಿಕೆಗಳಾಗಿ ತೋರುತ್ತವೆ. ತೈಲವು ಉಣುಗನ್ನು ದೂರವಿಡುತ್ತದೆ. ಬಾಟಲಿಯಾದರೋ ಯಾವ ಹೃದಯಾಘಾತವನ್ನೂ ತಡೆಯದು. ತನ್ನ ಎಣಿಕೆ ತಪ್ಪೆಂದು ಕಣ್ಣಾರೆ ಕಾಣುವ ಅವಕಾಶವನ್ನು ಮಾತ್ರ ಅದು ತಡೆಯುತ್ತದೆ. ಮನೆಯವರ ಪ್ರೀತಿಯೂ ಅನೇಕ ವೇಳೆ ಇದೇ ಕೆಲಸ ಮಾಡುವುದುಂಟು. “ಏನೂ ಆಗಲ್ಲ ಸುಮ್ನಿರೆ” ಎಂದು ದಿನಕ್ಕೆ ಇಪ್ಪತ್ತು ಬಾರಿ ಹೇಳಿಸಿಕೊಂಡವಳಿಗೆ ಇಪ್ಪತ್ತೊಂದನೆಯ ಬಾರಿಯೂ ಹೇಳಿಸಿಕೊಳ್ಳಬೇಕೆನಿಸುತ್ತದೆ. ಹೃದಯ, ಥೈರಾಯ್ಡ್, ರಕ್ತಹೀನತೆಗಳನ್ನು ಒಮ್ಮೆ ಪರೀಕ್ಷಿಸಿಕೊಳ್ಳುವುದು ವಿವೇಕ. ತಿಂಗಳಿಗೊಂದು ಇಸಿಜಿ ಮಾಡಿಸುವುದು ಬಾಟಲಿಯ ಇನ್ನೊಂದು ರೂಪ.

ಚಿಕಿತ್ಸೆಯ ಮಾರ್ಗವು ಇದಕ್ಕೆ ವಿಪರೀತ ದಿಕ್ಕಿನದು. ಏನಾಗುವುದೆಂದು ಅಂಜಿಕೆಯೋ ಅದನ್ನು ಹೊರಡುವ ಮುನ್ನ ಕಾಗದದ ಮೇಲೆ ಬರೆಯಿಸಿ, ಮೊದಲು ಶಿರಾಳಕೊಪ್ಪದವರೆಗೆ, ಬಳಿಕ ಶಿಕಾರಿಪುರದವರೆಗೆ, ಕಡೆಗೆ ಒಬ್ಬಳೇ ಶಿವಮೊಗ್ಗದವರೆಗೆ ಹೋಗಿಬರುವಂತೆ ಮಾಡಿ, ಬರೆದದ್ದಕ್ಕೂ ನಡೆದದ್ದಕ್ಕೂ ತಾಳೆ ನೋಡಿಸುತ್ತಾರೆ. ಅಗತ್ಯವಿದ್ದಲ್ಲಿ ಔಷಧಿಯನ್ನೂ ಕೊಡುವರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನ 30 ಕೋಟಿ ಜನರು ಆತಂಕದ ವ್ಯಾಧಿಗಳಿಂದ ಬಳಲುತ್ತಿದ್ದರು. ಆದುದರಿಂದ ಇದು ಸಂಕೋಚಪಡಬೇಕಾದ ವಿಷಯವೇನಲ್ಲ. ನಮ್ಮ ಭಾಷೆಗೂ ಈ ವಿಚಾರ ಹೊಸತಲ್ಲ: ‘ಕೊರವಂಜಿ’ ಹಾಸ್ಯಪತ್ರಿಕೆಯ ರಾಶಿಯವರು, ಎಂದರೆ ಡಾ. ಎಂ. ಶಿವರಾಂ, ಮನಸ್ಸನ್ನು ಕುರಿತು ಬರೆದ ‘ಮನಮಂಥನ’ಕ್ಕೆ 1976ರಲ್ಲಿಯೇ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು; ಶಿವಮೊಗ್ಗದಲ್ಲಿ ಮನೋವೈದ್ಯ ಡಾ. ಅಶೋಕ್ ಪೈ ಅವರು ದಶಕಗಳ ಕಾಲ ರೋಗಿಗಳನ್ನು ನೋಡುತ್ತಲೇ ಜನಸಾಮಾನ್ಯರಿಗಾಗಿ ಬರೆದರು.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಆದರೆ ಬಸ್ಸಿಗೇ ಅಂಜುವವಳಿಗೆ ಬಸ್ಸು ಹತ್ತಿ ಹೋಗಿ ವೈದ್ಯರನ್ನು ಕಾಣೆನ್ನುವುದು ಒಂದು ಬಗೆಯ ಕ್ರೌರ್ಯವೇ ಸರಿ. ಅಂಥವರು 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಟೆಲಿ-ಮನಸ್ ಸೇವೆಯ 14416 ಸಂಖ್ಯೆಗೆ ಮನೆಯಿಂದಲೇ ಕರೆಮಾಡಿ ಕನ್ನಡದಲ್ಲಿ ಮಾತನಾಡಬಹುದು, ಅದಕ್ಕೆ ಶುಲ್ಕವಿಲ್ಲ.