ಟ್ರೆಂಚ್‌ಟೌನಿನ ಗಂಜಿಗೆ ಸಂದ ಹಾಡು

'ನೋ ವುಮನ್, ನೋ ಕ್ರೈ' ಯಾರ ಹಾಡು ಎಂದು ಕೇಳಿದರೆ ರೆಗೆ ಸಂಗೀತ ಬಲ್ಲವರೆಲ್ಲ ಬಾಬ್ ಮಾರ್ಲಿಯ ಹೆಸರು ಹೇಳುತ್ತಾರೆ. ಆದರೆ 1974ರಲ್ಲಿ 'ನ್ಯಾಟಿ ಡ್ರೆಡ್' ಆಲ್ಬಂ ಹೊರಬಂದಾಗ ಈ ಹಾಡಿನ ರಚನೆಕಾರನೆಂದು ಅಚ್ಚಾದದ್ದು ವಿನ್ಸೆಂಟ್ ಫೋರ್ಡ್ ಹೆಸರು. ಫೋರ್ಡ್ ಹೆಸರಾಂತ ಕವಿಯಲ್ಲ, ಗಾಯಕನೂ ಅಲ್ಲ. ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನ ಟ್ರೆಂಚ್‌ಟೌನ್‌ನಲ್ಲಿ ಹಸಿದವರಿಗಾಗಿ ಗಂಜಿಕೇಂದ್ರ ನಡೆಸುತ್ತಿದ್ದವನು.

ಟ್ರೆಂಚ್‌ಟೌನ್ ಎಂದರೆ 1940ರ ದಶಕದಲ್ಲಿ ಸರ್ಕಾರ ಬಡವರಿಗೆಂದು ಕಟ್ಟಿಸಿದ ಮನೆಗಳ ಬಡಾವಣೆ. ನಮ್ಮ ಹಳೆಯ ವಠಾರಗಳಂತೆಯೇ ನಡುವೆ ಅಂಗಳ, ಸುತ್ತ ಒಂದೊಂದು ಕೋಣೆಯ ಸಂಸಾರ, ಎಲ್ಲರಿಗೂ ಸೇರಿ ಒಂದು ಅಡುಗೆಮನೆ, ಒಂದು ನಲ್ಲಿ. ಸೇಂಟ್ ಆ್ಯನ್ ಪ್ರಾಂತ್ಯದ ನೈನ್ ಮೈಲ್ ಹಳ್ಳಿಯಲ್ಲಿ 1945ರಲ್ಲಿ ಹುಟ್ಟಿದ ಮಾರ್ಲಿ, ಹುಡುಗನಾಗಿದ್ದಾಗ ತಾಯಿಯ ಜೊತೆ ಇಲ್ಲಿಗೆ ಬಂದ. ಅವನಿಗಿಂತ ಐದು ವರ್ಷ ದೊಡ್ಡವನಾದ ಫೋರ್ಡ್ ಫಸ್ಟ್ ಸ್ಟ್ರೀಟಿನ ಅಂಗಳದಲ್ಲಿದ್ದ. ಕೇರಿಯವರಿಗೆಲ್ಲ ಅವನು 'ಟಾಟಾ'. ಮಲಗಲು ಜಾಗವಿಲ್ಲದ ದಿನಗಳಲ್ಲಿ ಮಾರ್ಲಿ ಮಲಗುತ್ತಿದ್ದದ್ದು ಟಾಟಾನ ಅಡುಗೆಮನೆಯಲ್ಲಿ. ಗಿಟಾರಿನ ಮೊದಲ ಪಾಠಗಳೂ ಅಲ್ಲಿಯೇ. ಹತ್ತಿರದಲ್ಲೇ ಇದ್ದ ಜೋ ಹಿಗ್ಸ್ ದುಡ್ಡು ಕೇಳದೆ ಹುಡುಗರಿಗೆ ಸ್ವರ ಕೂಡಿಸಿ ಹಾಡುವುದನ್ನು ಕಲಿಸಿದ. ರಾತ್ರಿ ಉರಿಯುವ ಸೌದೆ ಒಲೆ, ಮೆಕ್ಕೆಜೋಳದ ಹಿಟ್ಟಿನ ಗಂಜಿ, ಇದ್ದುದರಲ್ಲೇ ಹಂಚಿ ಉಣ್ಣುವುದು, ಎಲ್ಲವೂ ಮುಂದೆ ಆ ಹಾಡಿನೊಳಗೆ ಬಂದವು. ಸಕ್ಕರೆ ಕಾಯಿಲೆಯಿಂದ ಫೋರ್ಡ್ ಎರಡೂ ಕಾಲುಗಳನ್ನು ಕಳೆದುಕೊಂಡ, ಗಾಲಿಕುರ್ಚಿ ಹಿಡಿದ.

1975ರ ಜುಲೈನಲ್ಲಿ ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ಮಾರ್ಲಿ ಇದನ್ನು ಹಾಡಿದಾಗ ಮುದ್ರಿಸಿಕೊಂಡ ರೂಪವೇ ಜಗತ್ತನ್ನು ಸುತ್ತಿತು. ಹಾಡಿನ ರೆಕಾರ್ಡು ಮಾರಾಟವಾದಾಗ, ರೇಡಿಯೊದಲ್ಲಿ ಕೇಳಿಬಂದಾಗ, ಬೇರೆ ಗಾಯಕರು ಹಾಡಿದಾಗ ರಚನೆಕಾರನಿಗೆ ಒಂದು ಪಾಲು ಸಲ್ಲುತ್ತದೆ. ಆ ರಾಯಧನದಿಂದಲೇ ಟಾಟಾನ ಗಂಜಿಯ ಒಲೆ ಆರದೆ ಉಳಿಯಿತು ಎಂಬುದು ಟ್ರೆಂಚ್‌ಟೌನಿನಲ್ಲಿ ಬೇರೂರಿದ ಮಾತು.

ಇದಕ್ಕೆ ಇನ್ನೊಂದು ಮುಖವೂ ಇದೆ. ಕೇಮನ್ ಮ್ಯೂಸಿಕ್ ಎಂಬ ಪ್ರಕಾಶನ ಸಂಸ್ಥೆಯೊಂದಿಗೆ ಮಾರ್ಲಿಗೆ ಹಳೆಯ ಒಪ್ಪಂದವಿತ್ತು; ತನ್ನ ಹೆಸರಿನಲ್ಲಿ ಬರೆದರೆ ಹಾಡಿನ ಹಕ್ಕು ಅವರ ಪಾಲಾಗುತ್ತಿತ್ತು. 2014ರಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ಇದೂ ಸೇರಿ 13 ಹಾಡುಗಳ ಹಕ್ಕಿನ ವಿಚಾರಣೆ ನಡೆದಾಗ, ಹಾಡುಗಳನ್ನು ನಿಜವಾಗಿ ಬರೆದವನು ಮಾರ್ಲಿ ಎಂಬುದನ್ನು ಎರಡೂ ಕಡೆಯವರು ಒಪ್ಪಿಕೊಂಡಿದ್ದರು. ಕೇಮನ್ ಆ ದಾವೆ ಸೋತಿತು. ಫೋರ್ಡ್ ಹೆಸರು ಹಾಕಿದ್ದು ಒಪ್ಪಂದದಿಂದ ನುಣುಚಿಕೊಳ್ಳಲು ಹೂಡಿದ ಉಪಾಯವಷ್ಟೇ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನುಣುಚಿಕೊಳ್ಳುವುದಷ್ಟೇ ಬೇಕಿದ್ದರೆ ಯಾವ ಹೆಸರಾದರೂ ಸಾಕಿತ್ತು. ಹಸಿವಿನ ದಿನಗಳನ್ನು ನೆನೆಯುವ ಹಾಡಿಗೆ, ಆ ಹಸಿವಿನಲ್ಲಿ ಗಂಜಿ ಬಡಿಸಿದವನ ಹೆಸರನ್ನೇ ಅವನು ಆರಿಸಿದ. 1976ರ 'ಪಾಸಿಟಿವ್ ವೈಬ್ರೇಷನ್' ಹಾಡಿಗೂ ಫೋರ್ಡ್ ಹೆಸರನ್ನೇ ಇಟ್ಟ.

ಮಾರ್ಲಿ ಊರಿಗೆ ಕೊಟ್ಟದ್ದರಲ್ಲಿ ಹೆಚ್ಚು ಪ್ರಸಿದ್ಧವಾದವು ಬೇರೆಯೇ ಇವೆ. ಹೋಪ್ ರೋಡಿನ ಅವನ ಮನೆಯ ಮುಂದೆ ನೆರವು ಕೇಳಿಕೊಂಡು ಜನ ನಿಲ್ಲುತ್ತಿದ್ದರು. 1976ರ ಡಿಸೆಂಬರ್ 3ರಂದು ಅದೇ ಮನೆಗೆ ನುಗ್ಗಿದ ಬಂದೂಕುಧಾರಿಗಳು ಗುಂಡು ಹಾರಿಸಿದರು. ಎರಡು ದಿನ ಕಳೆದು ಗಾಯಾಳು ಮಾರ್ಲಿ ಜನರೆದುರು ನಿಂತು ಹಾಡಿದ. 1978ರ ಏಪ್ರಿಲ್ 22ರ ಶಾಂತಿ ಕಛೇರಿಯಲ್ಲಿ ರಾಜಕೀಯದ ಬದ್ಧವೈರಿಗಳಾದ ಪ್ರಧಾನಿ ಮೈಕೆಲ್ ಮ್ಯಾನ್ಲಿ ಮತ್ತು ವಿರೋಧ ಪಕ್ಷದ ನಾಯಕ ಎಡ್ವರ್ಡ್ ಸಿಯಾಗಾ ಅವರನ್ನು ವೇದಿಕೆಗೆ ಕರೆದು ಕೈ ಕೂಡಿಸಿದ. 1980ರಲ್ಲಿ ಜಿಂಬಾಬ್ವೆಯ ಸ್ವಾತಂತ್ರ್ಯೋತ್ಸವಕ್ಕೆ ತನ್ನದೇ ಖರ್ಚಿನಲ್ಲಿ ತಂಡ ಕರೆದೊಯ್ದ. ದೊಡ್ಡ ಕೆಲಸಗಳೇ ಇವು. ಆದರೂ ನನಗೆ ಗಂಜಿಯ ಋಣವೇ ಹಿರಿದಾಗಿ ಕಾಣುತ್ತದೆ. ಕಛೇರಿಯ ಹಣ ಒಂದು ಸಲ ಹಂಚಿದರೆ ಮುಗಿಯಿತು. ರಚನೆಕಾರನ ಪಾಲು ಕೊಟ್ಟವನು ಸತ್ತರೂ ನಿಲ್ಲುವುದಿಲ್ಲ.

ಮಾರ್ಲಿ 1981ರ ಮೇ 11ರಂದು, 36ನೇ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ. ಉಯಿಲು ಬರೆದಿರಲಿಲ್ಲ. ಆಸ್ತಿಗಾಗಿ ವರ್ಷಗಟ್ಟಲೆ ಕೋರ್ಟು ಕಚೇರಿ ನಡೆಯಿತು. ಫೋರ್ಡ್ ಅವನ ನಂತರ 27 ವರ್ಷ ಬದುಕಿ, 2008ರ ಡಿಸೆಂಬರ್‌ನಲ್ಲಿ ಕಣ್ಣುಮುಚ್ಚಿದ. ಅವನಿಗೆ ಸಲ್ಲಬೇಕಾದುದನ್ನು ಮಾತ್ರ ಮಾರ್ಲಿ ಬದುಕಿದ್ದಾಗಲೇ ಅಚ್ಚು ಹಾಕಿಸಿ ಹೋಗಿದ್ದ.